ನೀಲಿ ನಿಲುವಂಗಿಯ ಋಣ

1552ರ ನವೆಂಬರಿನಲ್ಲಿ ಲಂಡನ್ನಿನ ನ್ಯೂಗೇಟ್ ಬೀದಿಯ ಪಾಳು ಮಠವೊಂದಕ್ಕೆ 380 ಮಕ್ಕಳು ಬಂದು ಸೇರಿದರು. ಫ್ರಾನ್ಸಿಸ್ಕನ್ ಸನ್ಯಾಸಿಗಳು ಮುನ್ನೂರು ವರ್ಷ ಬಾಳಿದ ಮಠ ಅದು. ಎಂಟನೆಯ ಹೆನ್ರಿ ದೇಶದ ಮಠಗಳನ್ನೆಲ್ಲ ಮುಟ್ಟುಗೋಲು ಹಾಕಿಕೊಂಡ ಕಾಲದಲ್ಲಿ, 1538ರಲ್ಲಿ, ಅದೂ ಬರಿದಾಗಿತ್ತು. ಸನ್ಯಾಸಿಗಳೇನೋ ಹೋದರು, ಅವರ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲುತ್ತಿದ್ದ ಬಡಬಗ್ಗರು ಎಲ್ಲಿಗೆ ಹೋಗಬೇಕು? ಹೆನ್ರಿಯ ಮಗ, ಹದಿಹರೆಯದ ಆರನೆಯ ಎಡ್ವರ್ಡ್, ಬಿಷಪ್ ನಿಕೋಲಸ್ ರಿಡ್ಲಿಯ ಪ್ರವಚನ ಕೇಳಿ ಮನಕರಗಿ, ನಗರದ ಮೇಯರ್ ರಿಚರ್ಡ್ ಡಾಬ್ಸನಿಗೆ ಪತ್ರ ಬರೆದನೆಂದು ಶಾಲೆಯವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಪುಣ್ಯವೆಲ್ಲ ದೊರೆಯ ಹೆಸರಿಗೆ ಸಂದಿತು. ದುಡ್ಡು ಹಾಕಿದವರು ಮಾತ್ರ ಲಂಡನ್ನಿನ ವರ್ತಕರು. 1553ರ ಜೂನ್ 26ರಂದು ದೊರೆ ಸನದು ಕೊಟ್ಟ. ಹತ್ತೇ ದಿನಕ್ಕೆ ಕಾಯಿಲೆಯಿಂದ ತೀರಿಕೊಂಡ. ಕ್ಯಾಥೊಲಿಕ್ ಮೇರಿ ರಾಣಿಯ ಆಳ್ವಿಕೆ ಬಂದು, 1555ರಲ್ಲಿ ರಿಡ್ಲಿಯನ್ನು ಆಕ್ಸ್‌ಫರ್ಡಿನಲ್ಲಿ ಜೀವಂತ ಸುಟ್ಟರು. ಆದರೂ ಶಾಲೆ ನಿಂತಿತು. ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಹೆಸರಿನಲ್ಲಿ ಅದು ಅನಾಥಾಲಯವೂ ಹೌದು, ವಿದ್ಯಾಲಯವೂ ಹೌದು.

ಅಲ್ಲಿ ಸೇರಿದ ಹುಡುಗನಿಗೆ ಹಿಮ್ಮಡಿ ಮುಟ್ಟುವ ನೀಲಿ ನಿಲುವಂಗಿ, ಸೊಂಟಕ್ಕೆ ತೊಗಲಿನ ಪಟ್ಟಿ, ಮೊಣಕಾಲವರೆಗಿನ ಚಡ್ಡಿ, ಹಳದಿ ಕಾಲುಚೀಲ, ಕೊರಳಿಗೆ ಬಿಳಿಯ ಪಟ್ಟಿ ಕೊಡುತ್ತಿದ್ದರು. ನೀಲಿ ಆಗ ಅಗ್ಗದ ಬಣ್ಣ. ಆಳುಕಾಳುಗಳೂ ಕಸುಬು ಕಲಿಯುವ ಹುಡುಗರೂ ತೊಡುವಂಥದ್ದು. ಹಳದಿ ಬಣ್ಣಕ್ಕೆ ಹೇನು ಹತ್ತುವುದಿಲ್ಲವೆಂಬ ನಂಬಿಕೆ ಇತ್ತಂತೆ. ಬೀದಿಯಲ್ಲಿ ಕಂಡವರೆಲ್ಲ ಇವನು ಧರ್ಮದ ಅನ್ನ ಉಣ್ಣುವ ಹುಡುಗ ಎಂದು ಗುರುತು ಹಿಡಿಯುತ್ತಿದ್ದರು. ವಾರಾನ್ನ ಉಂಡು ಓದಿದ ಅಜ್ಜಂದಿರ ಕತೆ ಕೇಳಿ ಬೆಳೆದ ನಮಗೆ ಆ ಹುಡುಗರ ಮುಖದ ಹೆಮ್ಮೆ, ನಾಚಿಕೆ ಎರಡೂ ಅಪರಿಚಿತವಲ್ಲ. ಉಂಡ ಅನ್ನದ ಋಣವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ತೀರಿಸಿದರು. ಕೆಲವರು ತೀರಿಸಿದ ರೀತಿ ಸ್ಥಾಪಕರು ಕನಸಿನಲ್ಲೂ ಎಣಿಸದಂಥದ್ದು. ಪ್ರೊಟೆಸ್ಟೆಂಟ್ ದೊರೆ ಕಟ್ಟಿದ ಈ ಮನೆಯಲ್ಲಿ ಮೊದಲ ವರ್ಷಗಳಲ್ಲೇ ಓದಿದ ಎಡ್ಮಂಡ್ ಕ್ಯಾಂಪಿಯನ್ ಮುಂದೆ ಕ್ಯಾಥೊಲಿಕ್ ಪಾದ್ರಿಯಾಗಿ, 1581ರಲ್ಲಿ ಟೈಬರ್ನಿನ ನೇಣುಗಂಬ ಏರಿದ.

ನೂರು ವರ್ಷ ಕಳೆಯುವ ಹೊತ್ತಿಗೆ ಇಂಗ್ಲೆಂಡಿಗೆ ಸಮುದ್ರದ ಹುಚ್ಚು ಹತ್ತಿತ್ತು. ಹಡಗು ನಡೆಸಲು ಲೆಕ್ಕ ಬಲ್ಲ ಹುಡುಗರು ಬೇಕಾದರು. 1673ರಲ್ಲಿ ಎರಡನೆಯ ಚಾರ್ಲ್ಸ್ ದೊರೆ 40 ಹುಡುಗರಿಗಾಗಿ ಇಲ್ಲೊಂದು ಗಣಿತಶಾಲೆ ತೆರೆದ. ನೌಕಾಖಾತೆಯ ಅಧಿಕಾರಿ, ದಿನಚರಿಯಿಂದ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ಅದರ ಬೆನ್ನಿಗೆ ನಿಂತವನು. ಅಲ್ಲಿ ಓದಿದವರು ಹದಿಹರೆಯದಲ್ಲೇ ನಾವಿಕರ ಕೈಕೆಳಗೆ ಹಡಗು ಹತ್ತುತ್ತಿದ್ದರು.

ಆ ಗಣಿತಶಾಲೆಗೆ 1775ರಲ್ಲಿ ಬಂದ ಮೇಷ್ಟ್ರು ವಿಲಿಯಂ ವೇಲ್ಸ್. ಯಾರ್ಕ್‌ಶೈರಿನ ಸ್ಥೂಲಕಾಯದ, ಸರಳ ಮನಸ್ಸಿನ ಮನುಷ್ಯ. 1769ರಲ್ಲಿ ಸೂರ್ಯನ ಮುಂದೆ ಶುಕ್ರಗ್ರಹ ಹಾದುಹೋಗುವುದನ್ನು ಅಳೆಯಲು ಹಡ್ಸನ್ ಕೊಲ್ಲಿಗೆ ಹೋಗಿ, ಅಲ್ಲಿನ ಮೂಳೆ ಕೊರೆಯುವ ಚಳಿಯಲ್ಲಿ ಒಂದು ಚಳಿಗಾಲ ಕಳೆದವನು. ಆಮೇಲೆ ಕ್ಯಾಪ್ಟನ್ ಕುಕ್‌ನ ಎರಡನೆಯ ಯಾನದಲ್ಲಿ ಖಗೋಳಜ್ಞನಾಗಿ ಮೂರು ವರ್ಷ ಸಮುದ್ರದ ಮೇಲಿದ್ದ. ಮನುಷ್ಯರು ದಕ್ಷಿಣ ಧ್ರುವವೃತ್ತವನ್ನು ಮೊದಲ ಬಾರಿಗೆ ದಾಟಿದ್ದು ಆ ಯಾನದಲ್ಲೇ. ಇಂಥ ಮೇಷ್ಟ್ರ ಬಗ್ಗೆ ಹುಡುಗರು ನೆನಪಿಟ್ಟುಕೊಂಡದ್ದೇನು? ತಾಹಿತಿ ದ್ವೀಪದಲ್ಲಿ ಅವನು ಸ್ನಾನಕ್ಕೆ ಇಳಿದಿದ್ದಾಗ ಅಲ್ಲಿಯವರು ಅವನ ಚಡ್ಡಿ ಎತ್ತಿಕೊಂಡು ಹೋದರಂತೆ. ಅದು ಇದೇ ಶಾಲೆಯಲ್ಲಿ ಓದಿದ ಲೇಖಕ ಲೀ ಹಂಟ್ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟ ಸುದ್ದಿ. ಮೇಷ್ಟ್ರ ಮೈಮೇಲೆ ಇಷ್ಟು ಸಲಿಗೆ ತೆಗೆದುಕೊಳ್ಳಲು ಯಾರಿಗಾದರೂ ಎದೆ ಬಂದೀತೇ ಎಂದು ಹುಡುಗರಿಗೆ ನಂಬಿಕೆಯೇ ಆಗುತ್ತಿರಲಿಲ್ಲವಂತೆ. ಅದೇ ಅಂಗಳದಲ್ಲಿ 1782ರಿಂದ ಬೆಳೆದವನು ಕವಿ ಸ್ಯಾಮ್ಯುಯೆಲ್ ಟೇಲರ್ ಕೋಲ್‌ರಿಜ್. ಅವನ ಮುದಿ ನಾವಿಕನ ಕಾವ್ಯದ ಮಂಜುಗಡ್ಡೆ, ಮಿನುಗುವ ಕಡಲು, ಎಲ್ಲವೂ ವೇಲ್ಸ್ ಮೇಷ್ಟ್ರ ಅನುಭವದಿಂದ ಬಂದಿರಬಹುದೆಂದು ವಿದ್ವಾಂಸರು ವಾದಿಸಿದ್ದಾರೆ. ಸಾಕ್ಷಿ ಹಿಡಿದು ಸಾಧಿಸುವುದು ಕಷ್ಟ. ನನಗಂತೂ ನಂಬಲು ಇಷ್ಟ. ಕಾವ್ಯ ಅಚ್ಚಾದ 1798ರಲ್ಲೇ ವೇಲ್ಸ್ ತೀರಿಕೊಂಡ.

ಕೋಲ್‌ರಿಜ್‌ನ ಗುರು ಎಂದು ಲೋಕ ಹೇಳುವುದು ಮಾತ್ರ ಜೇಮ್ಸ್ ಬಾಯರ್‌ನನ್ನು. ತಾನೂ ಒಂದು ಕಾಲಕ್ಕೆ ಇದೇ ನೀಲಿ ಅಂಗಿ ತೊಟ್ಟವನು. 1776ರಿಂದ 1799ರವರೆಗೆ ಮೇಲಿನ ತರಗತಿಗಳ ಮುಖ್ಯ ಉಪಾಧ್ಯಾಯ. ಅವನ ಬಳಿ ಎರಡು ಟೋಪನ್ನುಗಳಿದ್ದವು ಎಂದು ಅವನ ಕಾಲದಲ್ಲಿ ಅಲ್ಲಿ ಓದಿದ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಬರೆದಿದ್ದಾನೆ. ಪುಡಿ ಹಚ್ಚಿದ ಹೊಸ ಟೋಪನ್ನು ಹಾಕಿಕೊಂಡು ಬಂದರೆ ಆ ದಿನ ಸುಖ. ಬಣ್ಣಗೆಟ್ಟ, ಕೆದರಿದ ಹಳೆಯ ಟೋಪನ್ನು ಕಂಡರೆ ಹುಡುಗರ ಬೆನ್ನು ಬೆವರುತ್ತಿತ್ತು. ಮನಸ್ಸು ತುಸು ಮೆತ್ತಗಿದ್ದಾಗ ಪಾರ್ಲಿಮೆಂಟಿನ ಚರ್ಚೆಯ ವರದಿ ಓದುತ್ತಲೇ ಹುಡುಗನಿಗೆ ಬಾರಿಸುತ್ತಿದ್ದನಂತೆ: ಒಂದು ಪ್ಯಾರಾ, ಒಂದು ಏಟು. ಇಂಥ ಕ್ರೌರ್ಯವನ್ನು ಶಿಸ್ತು ಎಂದು ಕೊಂಡಾಡುವುದು ನನ್ನಿಂದಾಗದು. ಆದರೆ ಅದೇ ಬಾಯರ್ ಹುಡುಗರ ಪದ್ಯಗಳಿಂದ ಎರವಲು ಒಡವೆಗಳನ್ನು ಒಂದೊಂದಾಗಿ ಕಳಚಿ ಹಾಕಿದವನೂ ಹೌದು. ವೀಣೆ ಎಂದು ಬರೆದರೆ ಮಸಿ ಲೇಖನಿ ಎನ್ನು ಎಂದು ಗದರುವುದು, ಕವಿಗಳ ಪವಿತ್ರ ಚಿಲುಮೆ ಎಂದರೆ ಅಂಗಳದ ಪಂಪು ತಾನೇ ಎಂದು ಮೂದಲಿಸುವುದು. ಕವಿತೆಗೂ ವಿಜ್ಞಾನದಷ್ಟೇ ಕಟ್ಟುನಿಟ್ಟಾದ ತರ್ಕವಿದೆ ಎಂಬುದನ್ನು ತಾನು ಕಲಿತದ್ದು ಈ ಮನುಷ್ಯನಿಂದ ಎಂದು ಕೋಲ್‌ರಿಜ್ ಕೊನೆಯವರೆಗೂ ಒಪ್ಪಿಕೊಂಡ. ಗುರುವಿನ ಕೊನೆಗಾಲ ಹತ್ತಿರವಾಯಿತೆಂದು ಕೇಳಿದಾಗ ಅವನು ಹಾರೈಸಿದ್ದೂ ಹಾಗೆಯೇ ಇದೆ: ತಲೆ, ರೆಕ್ಕೆ ಮಾತ್ರ ಉಳ್ಳ, ಏಟು ತಿನ್ನಲು ಕುಂಡೆಯೇ ಇಲ್ಲದ ದೇವಬಾಲಕರು ಅವನನ್ನು ಸ್ವರ್ಗಕ್ಕೆ ಕರೆದೊಯ್ಯಲಿ ಎಂದು.

ಅಲ್ಲಿ ಏಟಿಗಿಂತ ದೊಡ್ಡ ಬಾಧೆ ಹಸಿವು. ಒಣ ರೊಟ್ಟಿ, ನೀರುನೀರಾದ ಬಿಯರು, ಬಟಾಣಿ ಸಾರು, ಹಾಲಿನ ಗಂಜಿ ಅಲ್ಲಿಯ ಊಟ. ಬೇಯಿಸಿದ ದನದ ಮಾಂಸದ ಕೊಬ್ಬನ್ನಂತೂ ಹುಡುಗರು ಮುಟ್ಟುತ್ತಿರಲಿಲ್ಲ. ಅದನ್ನು ತಿನ್ನುವವನೆಂದರೆ ರಾಕ್ಷಸನೇ ಸರಿ ಎಂಬ ಭಾವನೆ. ಅಂಥಲ್ಲಿ ಒಬ್ಬ ಹುಡುಗ ಊಟವಾದ ಮೇಲೆ ಮೇಜಿನ ಮೇಲೆ ಉಳಿದ ಆ ಚೂರುಗಳನ್ನೆಲ್ಲ ಆಯ್ದು ತನ್ನ ಮಂಚದ ಪಕ್ಕದ ಪೆಟ್ಟಿಗೆಯಲ್ಲಿ ಇಡುತ್ತಿದ್ದುದು ಕಣ್ಣಿಗೆ ಬಿತ್ತು. ಅವನು ತಿನ್ನುವುದನ್ನು ಯಾರೂ ನೋಡಿರಲಿಲ್ಲ. ರಾತ್ರಿ ಕದ್ದು ತಿನ್ನುತ್ತಾನೆಂದರು, ಮಾರುತ್ತಾನೆಂದರು. ಅವನೊಡನೆ ಮಾತು ಬಿಟ್ಟರು, ಆಟಕ್ಕೆ ಸೇರಿಸಲಿಲ್ಲ. ರಜೆಯ ದಿನ ಅವನು ಗಂಟು ಹಿಡಿದು ಹೊರಟಾಗ ಇಬ್ಬರು ಬೆನ್ನು ಹತ್ತಿದರು. ಅವನು ಚಾನ್ಸರಿ ಲೇನಿನಲ್ಲಿ ಕಾಣುವಂಥ ಒಂದು ಹಳೆಯ ಜೀರ್ಣ ಕಟ್ಟಡದ ನಾಲ್ಕನೆಯ ಮಹಡಿಗೆ ಹತ್ತಿದ. ಹರಕು ಬಟ್ಟೆಯ ಹೆಂಗಸೊಬ್ಬಳು ಬಾಗಿಲು ತೆರೆದಳು. ದೂರು ಮೇಲಕ್ಕೆ ಹೋಯಿತು. ಶಾಲೆಯ ಮೇಲ್ವಿಚಾರಕ ಹ್ಯಾಥವೇ ದುಡುಕದೆ ವಿಚಾರಿಸಿ ನೋಡಿದರೆ, ಆ ಮನೆಯಲ್ಲಿದ್ದವರು ಹುಡುಗನ ತಂದೆತಾಯಿ, ಬದುಕು ಮುರಿದುಬಿದ್ದವರು. ಎಲ್ಲರ ಮೂದಲೆ ತಿಂದುಕೊಂಡು ಅವನು ಹೆತ್ತವರನ್ನು ಸಾಕುತ್ತಿದ್ದ. ಆಡಳಿತದವರು ಆ ಕುಟುಂಬಕ್ಕೆ ನೆರವಾಗಿ, ಹುಡುಗನಿಗೆ ಬೆಳ್ಳಿಯ ಪದಕ ಕೊಟ್ಟರು. ಲ್ಯಾಂಬ್ ಈ ಕತೆ ಬರೆದು ಎರಡು ನೂರು ವರ್ಷ ಕಳೆದಿವೆ. ಹುಡುಗನ ಹೆಸರು ಅವನು ಹೇಳಲಿಲ್ಲ. ಶಾಲೆಯ ಎಷ್ಟೋ ಬಿಷಪ್ಪರಿಗಿಂತ ಅವನೇ ನನಗೆ ದೊಡ್ಡವನಾಗಿ ಕಾಣುತ್ತಾನೆ.

ಲ್ಯಾಂಬ್ ತಾನೇ ಗುಮಾಸ್ತನ ಮಗ. ತೊದಲು ಇದ್ದುದರಿಂದ ವಿಶ್ವವಿದ್ಯಾನಿಲಯದ ದಾರಿ ಮುಚ್ಚಿತು. 1789ರಲ್ಲಿ ಶಾಲೆ ಬಿಟ್ಟ. 1792ರಲ್ಲಿ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಲೆಕ್ಕಪತ್ರದ ವಿಭಾಗ ಸೇರಿದವನು, ಚಹಾ, ನೀಲಿಗಳ ಲೆಕ್ಕ ಬರೆಯುತ್ತ 33 ವರ್ಷ ಅಲ್ಲೇ ಸವೆದ. ನಮಗೆ ಅದರಲ್ಲೊಂದು ಸಂಬಂಧವುಂಟು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಹೊತ್ತೊಯ್ದ ಟಿಪ್ಪುವಿನ ಮರದ ಹುಲಿಯನ್ನು 1808ರಿಂದ ಜನ ನೋಡಲೆಂದು ಇಟ್ಟದ್ದು ಅದೇ ಕಟ್ಟಡದಲ್ಲಿ. ಬಿಳಿಯ ಸಿಪಾಯಿಯ ಮೇಲೆ ಎರಗಿದ ಆ ಹುಲಿಯೂ ಧರ್ಮಶಾಲೆಯ ಈ ಹಳೆಯ ವಿದ್ಯಾರ್ಥಿಯೂ ಒಂದೇ ಸೂರಿನಡಿ ಹದಿನೇಳು ವರ್ಷ ಇದ್ದರು. ಹಗಲೆಲ್ಲ ಕಂಪನಿಯ ಲೆಕ್ಕ ಬರೆದು, ರಾತ್ರಿ ಅವನು ಬರೆದ ಪ್ರಬಂಧಗಳನ್ನು ಓದಿಯೇ ಕನ್ನಡದ ಲಲಿತ ಪ್ರಬಂಧಕಾರರ ಒಂದು ತಲೆಮಾರು ಹರಟೆಯ ಹದ ಕಲಿತಿತು. 1820ರಲ್ಲಿ ಶಾಲೆಯ ನೆನಪು ಬರೆಯುವಾಗ ಅವನು ಒಂದು ಚಂದದ ಕುಚೇಷ್ಟೆ ಮಾಡಿದ: ಊರಿನಿಂದ ದೂರ, ಯಾರೂ ಇಲ್ಲದೆ ಬೆಳೆದ ಕೋಲ್‌ರಿಜ್‌ನ ದನಿಯಲ್ಲಿ ಮಾತಾಡುತ್ತ, ಲಂಡನ್ನಿನಲ್ಲೇ ಮನೆಯಿದ್ದ ಲ್ಯಾಂಬ್ ಎಂಬ ಹುಡುಗನಿಗೆ ಬಿಸಿ ತಿಂಡಿ ಬರುತ್ತಿತ್ತೆಂದು ತನ್ನ ಮೇಲೆ ತಾನೇ ಹೊಟ್ಟೆಕಿಚ್ಚು ಪಟ್ಟುಕೊಂಡ.

ಈ ಶಾಲೆಯಿಂದ ಭಾರತಕ್ಕೇ ಬಂದವರೂ ಇದ್ದರು. ಕೋಲ್‌ರಿಜ್‌ನ ಹಿರಿಯ ಗೆಳೆಯ ಥಾಮಸ್ ಮಿಡಲ್ಟನ್ 1814ರಲ್ಲಿ ಕಲ್ಕತ್ತೆಯ ಮೊದಲ ಬಿಷಪ್ ಆಗಿ ಬಂದು 1822ರಲ್ಲಿ ಅಲ್ಲೇ ಮಣ್ಣಾದ. ಹೆನ್ರಿ ಮೇಯ್ನ್ 1862ರಿಂದ ಏಳು ವರ್ಷ ವೈಸ್‌ರಾಯ್ ಮಂಡಳಿಯ ಕಾನೂನು ಸದಸ್ಯನಾಗಿದ್ದು, ನಮ್ಮ ಹಳ್ಳಿಗಳ ಒಗ್ಗಟ್ಟಿನ ಬಾಳಿನ ಬಗ್ಗೆ ಸಿದ್ಧಾಂತ ಕಟ್ಟಿದ. ಲೂಯಿ ಕವಾನ್ಯಾರಿ 1879ರಲ್ಲಿ ಆಫ್ಘನ್ ದೊರೆಯೊಡನೆ ಗಂಡಮಕ್ ಒಪ್ಪಂದಕ್ಕೆ ಸಹಿ ಹಾಕಿದವನು, ಅದೇ ವರ್ಷ ಕಾಬೂಲಿನಲ್ಲಿ ಕೊಲೆಯಾದ. ಸಾಮ್ರಾಜ್ಯ ಇವರ ಋಣವನ್ನು ಬಡ್ಡಿ ಸಮೇತ ವಸೂಲು ಮಾಡಿತು.

ಶಾಲೆಯೂ ಕೆಲವು ಸಲ ಹಾಗೆಯೇ ನಿರ್ದಯವಾಗಿತ್ತು. 1877ರಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಶಿಕ್ಷೆಗೆ ಹೆದರಿ ಅಲ್ಲಿ ನೇಣು ಹಾಕಿಕೊಂಡ. ಸರ್ಕಾರ ವಿಚಾರಣೆ ನಡೆಸಬೇಕಾಯಿತು. 1902ರಲ್ಲಿ ಶಾಲೆ ಲಂಡನ್ನಿನ ಹೊಗೆ ಬಿಟ್ಟು ಸಸೆಕ್ಸಿನ ಹಾರ್ಷಮ್ ಬಳಿಯ ಬಯಲಿಗೆ ಹೋಯಿತು.

ಆ ಸ್ಥಳಾಂತರದ ಕಾಲದಲ್ಲಿ ಅಲ್ಲಿ ಓದುತ್ತಿದ್ದವರಲ್ಲಿ ಬಾರ್ನ್ಸ್ ವಾಲಿಸ್ ಒಬ್ಬ. ಎರಡನೆಯ ಮಹಾಯುದ್ಧದಲ್ಲಿ ನೀರಿನ ಮೇಲೆ ಪುಟಿಯುತ್ತ ಹೋಗಿ ಅಣೆಕಟ್ಟು ಒಡೆಯುವ ಬಾಂಬನ್ನು ರೂಪಿಸಿದವನು. 1943ರ ಮೇ ತಿಂಗಳ ಒಂದು ರಾತ್ರಿ ಜರ್ಮನಿಯ ಅಣೆಕಟ್ಟುಗಳು ಒಡೆದವು. ಕೆಳಗಿನ ಕಣಿವೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಕೊಚ್ಚಿಹೋದರು. ಅವರಲ್ಲಿ ಬಲವಂತದ ದುಡಿಮೆಗೆ ಹಿಡಿದು ತಂದಿದ್ದ ಪರದೇಶದವರೇ ನೂರಾರು. ದಾಳಿಗೆ ಹೋದ 133 ವೈಮಾನಿಕರಲ್ಲಿ 53 ಮಂದಿ ಸತ್ತರು. ಆ ಹುಡುಗರ ಸಾವು ವಾಲಿಸ್‌ನನ್ನು ಕೊನೆಯವರೆಗೂ ಕಾಡಿತು. ಯುದ್ಧ ಮುಗಿದ ಮೇಲೆ, 1951ರಲ್ಲಿ, ಅವನ ಆವಿಷ್ಕಾರಗಳಿಗೆಂದು ಸರ್ಕಾರ 10,000 ಪೌಂಡ್ ಕೊಟ್ಟಿತು. ಅವನು ಅದಷ್ಟನ್ನೂ ತನ್ನ ಶಾಲೆಗೆ ಒಪ್ಪಿಸಿ, ವಾಯುಪಡೆಯವರ ಮಕ್ಕಳು ಅಲ್ಲಿ ಓದಲು ನಿಧಿ ಮಾಡಿಸಿದ. ಆಮೇಲೆ ವರ್ಷಗಟ್ಟಲೆ ಆ ಶಾಲೆಯ ಖಜಾಂಚಿಯಾಗಿಯೂ ದುಡಿದ.