ಅರವತ್ತನಾಲ್ಕು ಕೆಬಿ, ಅರವತ್ತನಾಲ್ಕು ವಿದ್ಯೆ

ಹೋದ ಬೇಸಿಗೆಯಲ್ಲಿ ಸ್ಕಾರ್‌ಬರೋದ ಒಂದು ಗರಾಜ್ ಸೇಲಿನಲ್ಲಿ ಇಪ್ಪತ್ತು ಡಾಲರ್ ಕೊಟ್ಟು ಒಂದು ಕಮೊಡೋರ್ 64 ಹೊತ್ತುಕೊಂಡು ಬಂದೆ. ಕಂದು ಬಣ್ಣದ ದಪ್ಪ ಕೀಬೋರ್ಡು, ಕಂಪ್ಯೂಟರೆಲ್ಲ ಅದರ ಹೊಟ್ಟೆಯೊಳಗೇ. "ಬೇಸ್‌ಮೆಂಟಿನಲ್ಲಿ ಕಾಲಿಡಕ್ಕೆ ಜಾಗ ಇಲ್ಲ, ಇನ್ನೊಂದು ಗುಜರಿ ತಂದ್ರಾ?" ಅಂದಳು ನನ್ನಾಕೆ. ಮಗರಾಯ ಮಾತ್ರ ಸುತ್ತ ಸುತ್ತ ನೋಡಿ, "ಅಪ್ಪಾ, ಇದಕ್ಕೆ ನಾವೇ ಒಂದು ಗೇಮ್ ಮಾಡೋಣ್ವಾ? ಕನ್ನಡದಲ್ಲಿ?" ಅಂದ. ಆ ಒಂದು ಪ್ರಶ್ನೆಯಿಂದ ಶುರುವಾದ ತಲೆಹರಟೆ ಇದು.

ಈ ಯಂತ್ರದ ಕಂಪನಿ ಹುಟ್ಟಿದ್ದು ನಮ್ಮ ಟೊರಾಂಟೋದಲ್ಲೇ ಅಂತ ಎಷ್ಟು ಜನಕ್ಕೆ ಗೊತ್ತು? ಇಷ್ಟು ವರ್ಷ ಇಲ್ಲಿದ್ದೂ ನನಗಂತೂ ಗೊತ್ತಿರಲಿಲ್ಲ. ಕಟ್ಟಿದವನು ಜ್ಯಾಕ್ ಟ್ರಾಮಿಯಲ್. 1928ರಲ್ಲಿ ಪೋಲೆಂಡಿನಲ್ಲಿ ಹುಟ್ಟಿ, ಔಶ್‌ವಿಟ್ಜ್ ಕಂಡು ಬದುಕಿ ಬಂದ ಯಹೂದಿ ಹುಡುಗ. ಅಮೆರಿಕಕ್ಕೆ ಹೋಗಿ ಸೈನ್ಯದಲ್ಲಿ ಟೈಪ್‌ರೈಟರ್ ರಿಪೇರಿ ಕಲಿತ. 1950ರ ದಶಕದಲ್ಲಿ ಟೊರಾಂಟೋಗೆ ಬಂದು ಟೈಪ್‌ರೈಟರ್ ವ್ಯಾಪಾರ ಹಾಕಿದ. ನಮ್ಮ ಹಾಗೆ ಅವನೂ ವಲಸೆ ಬಂದವನೇ ನೋಡಿ! 1965ರಲ್ಲಿ ಅಟ್ಲಾಂಟಿಕ್ ಅಕ್ಸೆಪ್ಟೆನ್ಸ್ ಅನ್ನುವ ಸಾಲದ ಕಂಪನಿ ಮುಳುಗಿದಾಗ ಕಮೊಡೋರೂ ಮುಳುಗೋದರಲ್ಲಿತ್ತು. ಅರ್ವಿಂಗ್ ಗೂಲ್ಡ್ ಎಂಬ ಕೆನಡಾದ ಹಣವಂತ ಕೈಹಿಡಿದ. 1976ರಲ್ಲಿ ಪೆನ್ಸಿಲ್ವೇನಿಯಾದ ಮಾಸ್ ಟೆಕ್ನಾಲಜಿ ಎಂಬ ಚಿಪ್ ಕಂಪನಿಯನ್ನು ಕೊಂಡರು. 1977ರಲ್ಲಿ ಪೆಟ್, 1982ರಲ್ಲಿ ಈ 64. ಒಂದು ಕೋಟಿಗೂ ಹೆಚ್ಚು ಮಾರಾಟವಾದ ಯಂತ್ರ ಇದು. ಹೆಸರಿನಲ್ಲಿರುವ 64 ಅಂದರೆ 64 ಕಿಲೋಬೈಟ್ ನೆನಪಿನ ಶಕ್ತಿ. ಇವತ್ತು ವಾಟ್ಸಾಪಿನಲ್ಲಿ ಬರುವ ಒಂದು 'ಶುಭೋದಯ' ಚಿತ್ರವೂ ಅದರಲ್ಲಿ ಹಿಡಿಸಲಿಕ್ಕಿಲ್ಲ.

ಇಷ್ಟರೊಳಗೆ ಚಿತ್ರ ಬರೆಯೋದು ಹೇಗೆ? ಪರದೆಯ ಮೇಲೆ ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕಿ. ಒಟ್ಟು ಬಣ್ಣ 16. ಆದರೆ 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಒಂದೊಂದು ಮನೆಯಲ್ಲಿ ಎರಡೇ ಬಣ್ಣ ಬಳಸಬಹುದು. ಇನ್ನೂ ಹೆಚ್ಚು ಬಣ್ಣ ಬೇಕಾ? ಚುಕ್ಕಿಯ ಅಗಲ ದುಪ್ಪಟ್ಟಾಗತ್ತೆ, ಚಿತ್ರ ಒರಟಾಗತ್ತೆ. ಆಟದಲ್ಲಿ ಓಡಾಡುವ ಬೊಂಬೆಗೆ ಸ್ಪ್ರೈಟ್ ಅಂತಾರೆ, 24 ಚುಕ್ಕಿ ಅಗಲ, 21 ಚುಕ್ಕಿ ಎತ್ತರ. ಒಂದು ಬೊಂಬೆಗೆ 63 ಬೈಟ್, ಅಷ್ಟೇ.

ಮಗ ಗ್ರಾಫ್ ಹಾಳೆಯಲ್ಲಿ ಮನೆ ಎಣಿಸಿ ಪೆನ್ಸಿಲಿನಿಂದ ತುಂಬುತ್ತಾ ಕೂತಿದ್ದಾಗ ನನ್ನಾಕೆ ಹಿಂದಿನಿಂದ ಬಗ್ಗಿ ನೋಡಿ, "ಇದು ನಮ್ಮಜ್ಜಿ ಹಾಕ್ತಿದ್ದ ಕಸೂತಿ ಅಲ್ವಾ?" ಅಂದಳು. ಅವಳ ತವರು ಧಾರವಾಡ. ಹೌದಲ್ಲ! ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳೋದಿಲ್ಲ. ನೂಲಿನ ಎಳೆ ಎಣಿಸಿ ಎಣಿಸಿ ಗೋಪುರ, ತೇರು, ಆನೆ ಮೂಡಿಸ್ತಾರೆ. ಓರೆ ಗೆರೆ ಬೇಕೆಂದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು, ಅದೇ ಮುರ್ಗಿ ಹೊಲಿಗೆ. ನಮ್ಮ ಗೇಮಿನ ಮೊದಲ ತೇರು ಹೀಗೆ ಅವಳ ಕೈಯಲ್ಲಿ ತಯಾರಾಯ್ತು. ಅವತ್ತಿನಿಂದ ಗುಜರಿ ಎಂಬ ಮಾತು ನಿಂತಿದೆ.

ಇನ್ನು ಸಂಗೀತ. ಇದರೊಳಗೆ ಸಿಡ್ ಅನ್ನುವ ಒಂದು ಚಿಪ್ ಇದೆ, ಬಾಬ್ ಯಾನಸ್ ಎಂಬ ಎಂಜಿನಿಯರ್ ವಿನ್ಯಾಸ ಮಾಡಿದ್ದು. ಅದಕ್ಕೆ ಮೂರೇ ಕಂಠ. ತಾಳಕ್ಕೊಂದು, ಕೆಳಸ್ವರಕ್ಕೊಂದು ಕೊಟ್ಟರೆ ರಾಗಕ್ಕೆ ಉಳಿಯೋದು ಒಂದೇ. ಆದ್ದರಿಂದ ಬ್ರಿಟನ್ನಿನ ರಾಬ್ ಹಬಾರ್ಡ್, ಮಾರ್ಟಿನ್ ಗಾಲ್ವೇ ಥರದವರು ಒಂದೇ ಕಂಠದಲ್ಲಿ ಮೂರು ಸ್ವರಗಳನ್ನು ಸೆಕೆಂಡಿಗೆ 50 ಸಲ ಬದಲಾಯಿಸಿ, ಕಿವಿಗೆ ಒಟ್ಟಿಗೆ ನುಡಿದಂತೆ ಕೇಳಿಸಿದರು.

ಈ 50 ಅನ್ನೋದರಲ್ಲಿ ಒಂದು ಮೋಸ ಇದೆ. ಯೂರೋಪಿನ ಟಿವಿ ಸೆಕೆಂಡಿಗೆ 50 ಸಲ ಚಿತ್ರ ಬದಲಿಸುತ್ತಿತ್ತು (ನಮ್ಮ ದೂರದರ್ಶನವೂ ಅದೇ ಪದ್ಧತಿ), ಉತ್ತರ ಅಮೆರಿಕದ್ದು 60 ಸಲ. ಹಾಗಾಗಿ ಲಂಡನ್ನಿನಲ್ಲಿ ಬರೆದ ಹಾಡನ್ನು ಟೊರಾಂಟೋ ಯಂತ್ರದಲ್ಲಿ ಹಾಗೇ ಹಾಕಿದರೆ ಲಯ ಶೇ. 20ರಷ್ಟು ಓಡತ್ತೆ, ಶ್ರುತಿಯೂ ಅರ್ಧ ಸ್ವರಸ್ಥಾನಕ್ಕಿಂತ ಹೆಚ್ಚು ಮೇಲೇರತ್ತೆ. ಗಂಭೀರ ಹಾಡು ಗಣೇಶನ ಮೆರವಣಿಗೆಯ ಬ್ಯಾಂಡಾಗತ್ತೆ!

ಇಲ್ಲಿ ನನಗೊಂದು ಸಂತೋಷದ ಸಂಗತಿ ಸಿಕ್ಕಿತು. ಪಿಯಾನೋದಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಏನೂ ಇಲ್ಲ, ಗಮಕ ನುಡಿಸಕ್ಕಾಗಲ್ಲ. ಸಿಡ್ ಚಿಪ್ಪಿಗೆ ಸ್ವರದ ಹೆಸರೇ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು 0ಯಿಂದ 65535ರವರೆಗಿನ ಒಂದು ಸಂಖ್ಯೆ. ನಮ್ಮ ಕಡೆಯ ಯಂತ್ರದಲ್ಲಿ 440 ಹರ್ಟ್ಸ್‌ಗೆ 7218 ಕೊಡಬೇಕು, ಅದರ ಪಕ್ಕದ ಸ್ವರಸ್ಥಾನಕ್ಕೆ 7647. ನಡುವೆ 429 ಹೆಜ್ಜೆಗಳು! ಎಲ್ಲಿ ಬೇಕಾದರೂ ಜಾರಬಹುದು, ಎಲ್ಲಿ ಬೇಕಾದರೂ ನಿಂತು ಅಲುಗಿಸಬಹುದು. ಮೋಹನದ ಒಂದು ತುಣುಕು ಹಾಕಿ ಕೇಳಿದೆವು. ಕುದುರೆಗೆ ಶೀತ ಆದ ಹಾಗಿತ್ತು, ಆದರೆ ಮೋಹನ ಅಂತ ಗುರುತು ಹತ್ತಿತು.

ಈ 7218ರಂಥ ಸಂಖ್ಯೆಗಳು ನಮಗೆ ಸಿಕ್ಕಿದ್ದು ಹೇಗೆ? ಈ ಕಥೆಯ ಮುಖ್ಯ ಮನುಷ್ಯ ಈಗ ಬರುತ್ತಾರೆ.

64ರ ಬೇಸಿಕ್ ಭಾಷೆಯಲ್ಲಿ ಚಿತ್ರಕ್ಕಾಗಲೀ ಸಂಗೀತಕ್ಕಾಗಲೀ ಒಂದೇ ಒಂದು ಆದೇಶ ಇರಲಿಲ್ಲ. ಎಲ್ಲವೂ 'ಪೋಕ್', ಅಂದರೆ ಇಂಥ ವಿಳಾಸಕ್ಕೆ ಇಂಥ ಸಂಖ್ಯೆ ತುರುಕು ಅನ್ನೋದು. ಅಂಚಿನ ಬಣ್ಣ ಬದಲಿಸಬೇಕಾ, 53280. ಸಂಗೀತದ ಚಿಪ್ ಬೇಕಾ, 54272ರಿಂದ ಶುರು. ಮಂತ್ರ ಗೊತ್ತಿಲ್ಲದಿದ್ದರೆ ಯಂತ್ರ ಮೂಕ. ಈ ಮಂತ್ರಗಳನ್ನು ಊರಿಗೆಲ್ಲ ಹಂಚಿದವರಲ್ಲಿ ದೊಡ್ಡ ಹೆಸರು ಟೊರಾಂಟೋದ ಜಿಮ್ ಬಟರ್‌ಫೀಲ್ಡ್ ಅವರದ್ದು. 1936ರಲ್ಲಿ ಆಲ್ಬರ್ಟಾದಲ್ಲಿ ಹುಟ್ಟಿದವರು. ಪತ್ರಿಕೆಗಳಲ್ಲಿ ಬರೆದರು, ಪುಸ್ತಕ ಬರೆದರು, ಸಭೆಗಳಲ್ಲಿ ಗಂಟೆಗಟ್ಟಲೆ ಬಿಡಿಸಿ ಹೇಳಿದರು. ಯಂತ್ರದ ಒಡಲನ್ನು ಇಣುಕಿ ನೋಡುವ 'ಸೂಪರ್‌ಮಾನ್' ಎಂಬ ಪ್ರೋಗ್ರಾಮ್ ಬರೆದು ಎಲ್ಲರಿಗೂ ಬಿಟ್ಟಿ ಕೊಟ್ಟರು. 1979ರಲ್ಲಿ ಶುರುವಾದ ಟೊರಾಂಟೋ ಪೆಟ್ ಯೂಸರ್ಸ್ ಗ್ರೂಪ್ ಇಂಥವರ ಅಡ್ಡೆ. ಟಿಪಗ್ ಅಂತ ಕರೀತಾರೆ. ಅಲ್ಲಿನ ಡಿಸ್ಕುಗಳು ಪ್ರಪಂಚದ ಮೂಲೆಮೂಲೆಗೆ ಹೋದವು. 1983ರಿಂದ ಇಲ್ಲಿ 'ವರ್ಲ್ಡ್ ಆಫ್ ಕಮೊಡೋರ್' ಎಂಬ ಜಾತ್ರೆಯೂ ನಡೆಯಿತು.

1994ರಲ್ಲಿ ಕಮೊಡೋರ್ ಕಂಪನಿ ದಿವಾಳಿಯಾಯ್ತು. ಕಟ್ಟಿದ ಟ್ರಾಮಿಯಲ್ 1984ರಲ್ಲೇ ಬಿಟ್ಟು ಹೋಗಿದ್ದ. ಕಂಪನಿ ಸತ್ತಿತು, ಯಂತ್ರ ಸಾಯಲಿಲ್ಲ. 2004ರಲ್ಲಿ ಟಿಪಗ್‌ನವರು ಆ ಜಾತ್ರೆಯನ್ನು ಮತ್ತೆ ಶುರುಮಾಡಿದರು. 2007ರಲ್ಲಿ ಬಟರ್‌ಫೀಲ್ಡ್ ತೀರಿಕೊಂಡರು, ಅವರು ಹೇಳಿಕೊಟ್ಟದ್ದು ಇದೆ. ಡಿಸೆಂಬರಿನಲ್ಲಿ ಮಗನ ಜೊತೆ ಮಿಸ್ಸಿಸಾಗದ ಜಾತ್ರೆಗೆ ಹೋಗಿದ್ದೆ. ತಲೆ ನರೆತವರೇ ಹೆಚ್ಚು. ನಮ್ಮ ಬೊಂಬೆ ನಡೆಯುವಾಗ ಮಿಣಮಿಣ ಅನ್ನುತ್ತಿತ್ತು. ಒಬ್ಬ ಹಿರಿಯರು ಕಾಫಿ ಕೆಳಗಿಟ್ಟು ಅರ್ಧ ಗಂಟೆ ಮಗನ ಪಕ್ಕ ಕೂತು ಸರಿಮಾಡಿಕೊಟ್ಟರು. ಹೆಸರು ಕೇಳೋದೂ ಮರೆತುಹೋಯ್ತು.

ಹಾಗಾದರೆ ಕನ್ನಡ? ಎಂಟು ಚುಕ್ಕಿಯ ಮನೆಯಲ್ಲಿ 'ಗ' ಹಿಡಿಸಬಹುದು, 'ಕ್ಷ' ಹಿಡಿಸೋದು ದೇವರಿಗೇ ಪ್ರೀತಿ. ಆದ್ದರಿಂದ ಒಂದು ಅಕ್ಷರಕ್ಕೆ ನಾಲ್ಕು ಮನೆ ಕೊಟ್ಟೆವು. ಯಂತ್ರದ ಅಕ್ಷರಪೆಟ್ಟಿಗೆಯಲ್ಲಿ 256 ಮನೆ. ನಾಲ್ಕರಿಂದ ಭಾಗಿಸಿ ನೋಡಿ... 64! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ವರ್ಣಮಾಲೆಗೆ ಸಾಕು, ಕಾಗುಣಿತಕ್ಕೆ ಸಾಲದು. ಆಮೇಲೆ ಹೊಳೆಯಿತು, ನಮ್ಮ ಎಷ್ಟೋ ಅಕ್ಷರಗಳಿಗೆ ತಲೆಕಟ್ಟು ಒಂದೇ. ಮೇಲಿನ ಮನೆಗಳನ್ನು ಹಂಚಿಕೊಂಡರೆ ಜಾಗ ಉಳಿಯತ್ತೆ. ಆಟಕ್ಕೆ ಬೇಕಾದ ಪದಗಳಷ್ಟೇ ಸಾಕು ಅಂತ ಉಳಿದದ್ದನ್ನು ಬಿಟ್ಟೆವು. ಈಗ ನೀಲಿ ಪರದೆಯ ಮೇಲೆ 'ಆಟ ಮುಗಿಯಿತು' ಅಂತ ಬರತ್ತೆ.

ಇದೆಲ್ಲ ಮಾಡುವಾಗ ನನ್ನ ಇನ್ನೊಂದು ಪೆಟ್ಟಿಗೆ ನೆನಪಾಯ್ತು. 1990ರ ದಶಕದ ಕೊನೆಯಲ್ಲಿ ನಾನು ಕನ್ನಡದಲ್ಲಿ ಟೈಪ್ ಮಾಡಿದ ಪತ್ರಗಳ ಫ್ಲಾಪಿಗಳು. ಯೂನಿಕೋಡ್ ಬಳಕೆಗೆ ಬರುವ ಮುಂಚಿನವು. ಒಂದೊಂದು ಫಾಂಟಿಗೆ ಒಂದೊಂದು ಗುಟ್ಟಿನ ಸಂಖ್ಯೆ. ನಾನು ಬಳಸಿದ ಫಾಂಟ್ ಮಾಡಿದವರು ಆ ಪಟ್ಟಿಯನ್ನು ಯಾರಿಗೂ ಕೊಡಲಿಲ್ಲ. ಅಪ್ಪನಿಗೆ ಬರೆದ ಪತ್ರಗಳು ಈಗ ಬರೀ ಚಿತ್ರವಿಚಿತ್ರ ಚಿಹ್ನೆ. ನಲವತ್ತು ವರ್ಷ ಹಳೆಯ ಕಮೊಡೋರ್ ಡಿಸ್ಕನ್ನು ಇವತ್ತು ಓದಬಲ್ಲೆ, ನನ್ನದೇ ಕನ್ನಡವನ್ನು ಓದಲಾರೆ. ಕೀಲಿಮಣೆ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟ ಕೆ.ಪಿ. ರಾವ್ ಅವರಂಥವರ ಬೆಲೆ ಆಗ ನನಗೆ ಗೊತ್ತಿರಲಿಲ್ಲ.

ಯಂತ್ರವನ್ನು ಮಾಡಿದವನು ಮಾರುತ್ತಾನೆ, ಹೋಗುತ್ತಾನೆ. ಅದನ್ನು ಬಾಳಿಸುವವನು ಪಕ್ಕ ಕೂತು ಬಿಡಿಸಿ ಹೇಳಿದವನೇ. ಮಗ ಈಗ ನಮ್ಮ ಅಕ್ಷರಗಳ ಪಟ್ಟಿಯನ್ನು, ಯಾವ ಮನೆಗೆ ಯಾವ ಸಂಖ್ಯೆ ಅಂತ, ಒಂದು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದಿಡ್ತಾ ಇದಾನೆ. ಕೇಳಿದವರಿಗೆ ಕೊಡ್ತಾನಂತೆ, ಬಿಟ್ಟಿ.

ನಿಮ್ಮ ಅಟ್ಟದ ಮೇಲೂ ಹಳೇ ಫ್ಲಾಪಿ ಇದ್ದರೆ ಎಸೀಬೇಡಿ. ಯಾವ ಫಾಂಟು ಅಂತ ನೆನಪಿದ್ದರೆ, ಈಗಲೇ ಮೇಲೆ ಬರೆದಿಡಿ.