ಪಿತ್ತ ಅಲ್ಲ, ಮೈಗ್ರೇನ್: ಅರೆತಲೆನೋವು ಗುರುತಿಸೋದು ಹೇಗೆ, ತಡೆಯೋದು ಹೇಗೆ?

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆ ಯಾರಿಗಾದರೂ ತಲೆ ಸಿಡಿದು, ವಾಂತಿಯಲ್ಲಿ ಹಳದಿ ನೀರು ಬಂತು ಅಂದ್ರೆ ಮನೆಯವರು ಹೇಳೋದು ಒಂದೇ ಮಾತು: 'ಪಿತ್ತ ಜಾಸ್ತಿಯಾಗಿದೆ'. ಜೀರಿಗೆ ಕಷಾಯ, ನಿಂಬೆಹಣ್ಣಿನ ಪಾನಕ, ಹಣೆಗೆ ಅಮೃತಾಂಜನ, ತಲೆಗೊಂದು ಬಿಗಿಯಾದ ಬಟ್ಟೆ. ಒಂದು ನಿದ್ದೆ ಆದಮೇಲೆ ನೋವು ಇಳಿಯುತ್ತೆ. ಇಳಿದಿದ್ದರಿಂದ ಅದು ಪಿತ್ತವೇ ಅನ್ನೋದು ಇನ್ನಷ್ಟು ಖಾತ್ರಿಯಾಗುತ್ತೆ. ಮುಂದಿನ ತಿಂಗಳು ಮತ್ತೆ ಅದೇ ಕಥೆ.

ಹಳದಿ ನೀರು ಬರೋದು ಹೊಟ್ಟೆ ಖಾಲಿ ಇರೋದರಿಂದ. ವಾಂತಿ ಈ ತಲೆನೋವಿನ ಕಾರಣ ಅಲ್ಲ, ಅದರದೇ ಒಂದು ಲಕ್ಷಣ. ಬೆಂಗಳೂರಿನ ಐಟಿ ಕಚೇರಿಯಲ್ಲಿ ಕೂತವರಿಗೆ ಬಂದರೆ ಮೈಗ್ರೇನ್, ತೆಂಗಿನ ತೋಟದಲ್ಲಿ ದುಡಿಯೋರಿಗೆ ಬಂದರೆ ಪಿತ್ತ. ಹೆಸರು ಮಾತ್ರ ಬೇರೆ.

ಮೈಗ್ರೇನ್ ಅಂದ್ರೆ ಪೇಟೆಯವರ, ಕಂಪ್ಯೂಟರ್ ಮುಂದೆ ಕೂರುವವರ ಕಾಯಿಲೆ ಅನ್ನೋ ನಂಬಿಕೆಯೂ ಸುಳ್ಳು. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದ 2,329 ಜನರನ್ನು ಮನೆಮನೆಗೆ ಹೋಗಿ ಕೇಳಿದ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಕಾಡಿದವರು ಶೇ. 25ರಷ್ಟು. ಅಂದ್ರೆ ನಾಲ್ವರಲ್ಲಿ ಒಬ್ಬರು. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ನಗರಕ್ಕಿಂತ ಹಳ್ಳಿಗಳಲ್ಲಿ ಜಾಸ್ತಿ!

ಇದನ್ನು ಪತ್ತೆ ಹಚ್ಚೋಕೆ ಸ್ಕ್ಯಾನಿಂಗ್ ಬೇಕಿಲ್ಲ. ರಕ್ತಪರೀಕ್ಷೆಯಲ್ಲೂ ಸಿಗಲ್ಲ. ವೈದ್ಯರು ಕೇಳಿ ತಿಳಿಯೋ ಕಾಯಿಲೆ ಇದು. ಔಷಧ ತಗೊಳ್ಳದಿದ್ದರೆ ನೋವು 4ರಿಂದ 72 ಗಂಟೆ ಇರುತ್ತೆ. ತಲೆಯ ಒಂದೇ ಬದಿ, ನಾಡಿ ಬಡಿದ ಹಾಗೆ ಮಿಡಿಯೋದು, ಕೆಲಸ ಬಿಡಿಸುವಷ್ಟು ಜೋರಿರೋದು, ಮೆಟ್ಟಿಲು ಹತ್ತಿದರೆ ಹೆಚ್ಚಾಗೋದು - ಈ ನಾಲ್ಕರಲ್ಲಿ ಎರಡಾದರೂ ಇರಬೇಕು. ಜೊತೆಗೆ ವಾಕರಿಕೆ ಅಥವಾ ವಾಂತಿ, ಇಲ್ಲವೇ ಬೆಳಕು ಮತ್ತು ಸದ್ದು ಎರಡನ್ನೂ ಸಹಿಸಲಾಗದ ಸ್ಥಿತಿ. ಇಂಥದ್ದು ಕನಿಷ್ಠ ಐದು ಸಲ ಬಂದಿರಬೇಕು. 'ಅರೆತಲೆ' ಅಂತ ಹೆಸರಿದ್ದರೂ ಎರಡೂ ಬದಿ ನೋಯಬಹುದು ಅನ್ನೋದು ನೆನಪಿರಲಿ. ಕೆಲವರಿಗೆ ನೋವಿಗೆ ಮುಂಚೆ ಕಣ್ಣಮುಂದೆ ಅಂಕುಡೊಂಕಾದ ಮಿನುಗುವ ಗೆರೆಗಳು ಕಾಣುತ್ತವೆ. ಅದನ್ನು 'ಆರಾ' ಅಂತಾರೆ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಹೋಗುತ್ತೆ. ಇದಿರುವ ಹೆಂಗಸರು ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ನುಂಗುವ ಮುನ್ನ ವೈದ್ಯರಿಗೆ ಹೇಳಲೇಬೇಕು, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತೆ.

ಇನ್ನು ಕಾರಣಗಳ ವಿಷಯ. 'ಮೊನ್ನೆ ಬಿಸಿಲಲ್ಲಿ ಹೋದಾಗ ಬಂತು, ನಿನ್ನೆ ಹೋದರೆ ಬರಲಿಲ್ಲ, ಹಾಗಾದ್ರೆ ಬಿಸಿಲಲ್ಲ' ಅಂತ ಲೆಕ್ಕ ಹಾಕೋರಿದ್ದಾರೆ. ಕುಣಿಗಲ್ ದೊಡ್ಡಕೆರೆ ಕೋಡಿ ಬಿದ್ದರೆ ಅದಕ್ಕೆ ಕೊನೆಯ ಮಳೆ ಒಂದೇ ಕಾರಣವೇ? ಹಿಂದಿನ ಮಳೆಗಳೆಲ್ಲ ಸೇರಿ ತುಂಬಿರುತ್ತೆ. ಇದೂ ಹಾಗೇ. ನಿದ್ದೆಗೆಟ್ಟದ್ದು, ತಿಂಡಿ ಬಿಟ್ಟದ್ದು, ಮುಟ್ಟಿನ ದಿನ ಹತ್ತಿರ ಬಂದದ್ದು, ಇವೆಲ್ಲ ಕೂಡಿಕೊಂಡ ಮೇಲೆ ಬಿಸಿಲು ಬರೀ ನೆಪ. ನಮ್ಮಲ್ಲಿ ಏಕಾದಶಿ, ಶಿವರಾತ್ರಿಯ ಉಪವಾಸ ಮತ್ತು ಜಾಗರಣೆ ಒಟ್ಟಿಗೇ ಬರುತ್ತವೆ, ಮಾರನೇ ದಿನ ತಲೆ ಹಿಡಿದು ಮಲಗೋದರಲ್ಲಿ ಆಶ್ಚರ್ಯವಿಲ್ಲ. ತಲೆಸ್ನಾನವೂ ಒಂದು ಪ್ರಚೋದಕ. ಇದು ಅಜ್ಜಿಯರ ಕಲ್ಪನೆ ಅಲ್ಲ. ಮುಂಬಯಿಯ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ಇಂಥ 94 ಭಾರತೀಯ ರೋಗಿಗಳ ಬಗ್ಗೆ 2006ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ.

ಇಂಜಿನಿಯರಿಂಗ್ ಓದಿದ ಚಾಳಿಯಿಂದ ನನಗನಿಸೋದು: ಲಾಗ್ ಇಲ್ಲದೆ ದೋಷ ಹುಡುಕಬಾರದು. ಗೋಡೆಯ ಪಂಚಾಂಗದ ಕ್ಯಾಲೆಂಡರ್ ಸಾಕು. ನೋವು ಬಂದ ದಿನ, ಮುಟ್ಟಿನ ದಿನ, ಊಟ ತಪ್ಪಿದ್ದು, ನುಂಗಿದ ಮಾತ್ರೆ - ಮೂರು ತಿಂಗಳು ಗುರುತು ಹಾಕಿ. ಅದನ್ನೇ ಸುತ್ತಿಕೊಂಡು ವೈದ್ಯರ ಹತ್ತಿರ ಹೋಗಿ.

ಮಾತ್ರೆಗಳ ಲೆಕ್ಕ ಅತಿ ಮುಖ್ಯ. ಮೈಗ್ರೇನ್ ಶುರುವಾದಾಗ ಹೊಟ್ಟೆಯ ಚಲನೆ ನಿಧಾನವಾಗುತ್ತೆ, ತಡಮಾಡಿ ನುಂಗಿದ ಗುಳಿಗೆ ಸರಿಯಾಗಿ ಕೆಲಸ ಮಾಡಲ್ಲ. ಆದ್ದರಿಂದ ಆರಂಭದಲ್ಲೇ ತಗೋಬೇಕು. ಹಾಗಂತ ದಿನಾ ಅಲ್ಲ. ಪ್ಯಾರಾಸಿಟಮಾಲ್‌ನಂಥ ಸಾದಾ ನೋವುಗುಳಿಗೆ ತಿಂಗಳಿಗೆ 15 ದಿನ, ಟ್ರಿಪ್ಟಾನ್, ಎರ್ಗೋಟಮೈನ್ ಅಥವಾ ಹಲವು ಔಷಧ ಬೆರೆಸಿದ ಗುಳಿಗೆ 10 ದಿನ ಮುಟ್ಟಿ, ಮೂರು ತಿಂಗಳು ದಾಟಿದರೆ ಗುಳಿಗೆಯೇ ತಲೆನೋವು ತರುತ್ತೆ. ಚೀಟಿ ಇಲ್ಲದೆ ಮೆಡಿಕಲ್ ಸ್ಟೋರಿನಲ್ಲಿ 'ತಲೆನೋವಿಗೆ ಎರಡು ಕೊಡಿ' ಅನ್ನೋ ನಮ್ಮ ಅಭ್ಯಾಸದ ಫಲ ಇದು.

ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ದಿನ ಹಾಳಾಗುತ್ತಿದ್ದರೆ ತಡೆಗಟ್ಟುವ ಚಿಕಿತ್ಸೆ ಕೇಳಿ. ಪ್ರೊಪ್ರಾನೊಲಾಲ್, ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್ ಎಲ್ಲ ಹಳೆಯ, ದುಬಾರಿಯಲ್ಲದ ಔಷಧಗಳೇ. ಆದರೆ ಫಲ ಕಾಣೋಕೆ ಎರಡು ಮೂರು ತಿಂಗಳು ಬೇಕು. ಎಂಟು ದಿನಕ್ಕೆ 'ಏನೂ ಆಗ್ಲಿಲ್ಲ' ಅಂತ ಬಿಡೋರೇ ಜಾಸ್ತಿ. ಆಸ್ತಮಾ ಇರೋರಿಗೆ ಪ್ರೊಪ್ರಾನೊಲಾಲ್ ಆಗಲ್ಲ, ಬಸುರಿಯಾಗುವ ಯೋಚನೆ ಇರೋರಿಗೆ ವಾಲ್‌ಪ್ರೊಯೇಟ್ ಆಗಲ್ಲ. ಹಾಗಾಗಿ ಪಕ್ಕದ ಮನೆಯವರ ಚೀಟಿ ಬೇಡ. ನಿಮ್ಹಾನ್ಸ್‌ಗೇ ಹೋಗಬೇಕೆಂದೂ ಇಲ್ಲ. ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಜಯನಗರದಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಆಮೇಲೆ ಬೇರೆ ಜಿಲ್ಲೆಗಳಿಗೂ ಬಂದಿದೆ. ಅದರಲ್ಲಿ ತಲೆನೋವೂ ಸೇರಿದೆ. ತುಮಕೂರು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ಕೆಲವು ತಲೆನೋವಿಗೆ ಮಾತ್ರ ಕ್ಯಾಲೆಂಡರ್ ನೋಡುತ್ತಾ ಕೂರಬಾರದು. ಸಿಡಿಲು ಬಡಿದಂತೆ ಒಮ್ಮೆಗೇ ಬಂದದ್ದು, ಜ್ವರ ಮತ್ತು ಕತ್ತು ಬಿಗಿತದ ಜೊತೆ ಬಂದದ್ದು, ಕೈಕಾಲು ಸೋತದ್ದು, ಮಾತು ತೊದಲಿದ್ದು, 50 ದಾಟಿದ ಮೇಲೆ ಮೊದಲ ಸಲ ಬಂದದ್ದು - ಇವಕ್ಕೆ ತಕ್ಷಣ ಆಸ್ಪತ್ರೆ. ಮುಖ್ಯವಾಗಿ ಬಾಣಂತಿಯರ ತಲೆನೋವು. ನೀರು ಕುಡಿದರೆ ಶೀತ ಅಂತ ಲೋಟದ ಲೆಕ್ಕದಲ್ಲಿ ನೀರು ಕೊಡುವ ಮನೆಗಳು ಇನ್ನೂ ಇವೆ. ಹೆರಿಗೆಯಾದ ದಿನಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತೆ, ನೀರೂ ಕಡಿಮೆಯಾದರೆ ಮಿದುಳಿನ ಅಭಿಧಮನಿಯಲ್ಲಿ ಹೆಪ್ಪು ಕಟ್ಟಬಹುದು. ಅದರ ಮೊದಲ ಸೂಚನೆ ಬರೀ ತಲೆನೋವಾಗಿರಬಹುದು, ಆಮೇಲೆ ಫಿಟ್ಸ್. ಬಾಣಂತಿ ತಲೆನೋವು ಅಂದರೆ ಕಷಾಯ ಕಾಯಿಸುತ್ತಾ ಕೂರಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ. ನೀರು ಕೇಳಿದರೆ ಕೊಡಿ.