ಮುಖ್ಯೋಪಾಧ್ಯಾಯರ ಕೋಣೆಯ ಬೆತ್ತದ ಕುರ್ಚಿ

ನಮ್ಮ ಶಾಲೆಯಲ್ಲಿ ಓದಿದವರಿಗೆ ಬೆತ್ತ ಎಂದೊಡನೆ ಅಂಗೈ ನೆನಪಾಗುತ್ತದೆ. ಅದೇ ಬೆತ್ತದಲ್ಲಿ ಹೆಣೆದ ಕುರ್ಚಿಯೊಂದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿತ್ತು. ಶಾಲೆ ತೆರೆದಾಗ ಯಾವುದೋ ಹಳೆಯ ಕಚೇರಿಯಿಂದ ಬಂದದ್ದಂತೆ. ಯಲಹಂಕದ ಸುತ್ತಲ ಹಳ್ಳಿಗಳಿಂದ ನಡೆದು ಬರುತ್ತಿದ್ದ ನಾವು ಅದನ್ನು ‘ಇಂಗ್ಲಿಷರ ಕುರ್ಚಿ’ ಎನ್ನುತ್ತಿದ್ದೆವು. ಆ ಮಾತು ಅರ್ಧ ಮಾತ್ರ ನಿಜ.

ಇಂಗ್ಲೆಂಡಿನಲ್ಲಿ ಬೆತ್ತದ ಕುರ್ಚಿ ಬಳಕೆಗೆ ಬಂದದ್ದು 1660ರ ದಶಕದಲ್ಲಿ, ಎರಡನೆಯ ಚಾರ್ಲ್ಸ್ ಪಟ್ಟಕ್ಕೆ ಮರಳಿದ ಮೇಲೆ. ಬೆತ್ತ ಅಲ್ಲಿ ಬೆಳೆಯುವುದಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಮಲಯ ದ್ವೀಪಗಳ ಕಡೆಯಿಂದ ತರುತ್ತಿದ್ದವು. ಉಣ್ಣೆ ಬಟ್ಟೆ ಹೊದಿಸಿದ ಕುರ್ಚಿಗಿಂತ ಇದು ಹಗುರ, ದೂಳು ನಿಲ್ಲದು, ಹುಳ ಹಿಡಿಯದು. ಮಾರಾಟ ಎಷ್ಟು ಏರಿತೆಂದರೆ, ಇದನ್ನು ತಡೆಯಬೇಕೆಂದು ಉಣ್ಣೆ ಕಸುಬಿನವರು 1680ರ ದಶಕದಲ್ಲಿ ಪಾರ್ಲಿಮೆಂಟಿಗೇ ಅರ್ಜಿ ಹಾಕಿದರು. ಹೊಟ್ಟೆಪಾಡಿನ ಜಗಳ ಎಲ್ಲ ಊರಿನಲ್ಲೂ ಒಂದೇ.

ಆ ಮೊದಲ ಕುರ್ಚಿಗಳ ಬೆನ್ನು ಎತ್ತರ, ನೆಟ್ಟಗೆ, ಕೂತವರಿಗೆ ಶಿಕ್ಷೆ. ಚೀನಾದಲ್ಲಾದರೋ ಮಿಂಗ್ ಅರಸರ ಕಾಲಕ್ಕಾಗಲೇ (1368–1644) ಬಡಗಿಗಳು ಬೆತ್ತ ಹೆಣೆದ ಆಸನದ ಹಿಂದೆ, ಬೆನ್ನಿನ ಬಾಗಿಗೆ ಒಗ್ಗುವಂತೆ ಒಂದೇ ಅಗಲದ ಹಲಗೆಯನ್ನು ಬಳುಕಿಸಿ ನಿಲ್ಲಿಸುತ್ತಿದ್ದರು. 1700ರ ನಂತರ ಲಂಡನ್ನಿನವರೂ ಆ ಬಾಗನ್ನು ಕಲಿತರು. ವಿಚಿತ್ರವೆಂದರೆ ಅದಕ್ಕೆ ಅವರಿಟ್ಟ ಹೆಸರು ‘ಇಂಡಿಯಾ ಬೆನ್ನು’. ಪೂರ್ವದಿಂದ ಬಂದದ್ದೆಲ್ಲ ಅವರಿಗೆ ಇಂಡಿಯಾ! ಚೀನಾದ ಬಡಗಿಯ ಜಾಣ್ಮೆ ನಮ್ಮ ಲೆಕ್ಕಕ್ಕೆ ಜಮೆಯಾಯಿತು.

1809ರಲ್ಲಿ ಇಂಗ್ಲಿಷರ ದಂಡು ಬೆಂಗಳೂರಿನಲ್ಲಿ ನೆಲೆಯೂರಿತು. ಅವರ ಬಂಗಲೆ, ಕಚೇರಿಗಳಿಂದ ಬೆತ್ತದ ಕುರ್ಚಿ ನಮ್ಮ ಸರ್ಕಾರಿ ಕಚೇರಿ, ಶಾಲೆಗಳಿಗೂ ಇಳಿದು ಬಂತು. ನಮ್ಮ ಕುರ್ಚಿಯ ಬೆನ್ನಿನ ಹಲಗೆಯನ್ನು ಪಕ್ಕದಿಂದ ನೋಡಿ. ಸೊಂಟದ ಹತ್ತಿರ ಅದೇ ಬಳುಕು ಕಾಣುತ್ತದೆ.

ಈಗ ಅದರ ಆಸನ ಹರಿದಿದೆ. ಪ್ಲೈವುಡ್ ಹೊಡೆದರೆ ಸಾಕೆಂದು ಕೆಲವರ ಸಲಹೆ. ದಯವಿಟ್ಟು ಬೇಡ. ಬೆತ್ತ ಪೋಣಿಸಲು ಚೌಕಟ್ಟಿನ ಸುತ್ತ ಕೊರೆದ ತೂತುಗಳು ಒಂದೂ ಸೀಳಿಲ್ಲ, ನಾನೇ ಬೆರಳಿಟ್ಟು ನೋಡಿದ್ದೇನೆ. ನೆನೆಸಿದ ಬೆತ್ತದ ಸಿಪ್ಪೆಯನ್ನು ಉದ್ದಕ್ಕೆ, ಅಡ್ಡಕ್ಕೆ, ಓರೆಗೆ ಒಟ್ಟು ಆರು ಸಲ ಎಳೆದು ಹೆಣೆದರೆ ಎಂಟು ಮೂಲೆಯ ಕಣ್ಣುಗಳು ಮೂಡುತ್ತವೆ. ಒಣಗಿದಂತೆ ತಾನೇ ಬಿಗಿಯುತ್ತದೆ. ಈ ಕೆಲಸ ಬಲ್ಲವರು ಯಾರಾದರೂ ನಿಮ್ಮ ಬೀದಿಯಲ್ಲಿದ್ದರೆ ಶಾಲೆಗೆ ತಿಳಿಸಿ. ಕೂಲಿ ನನ್ನದು.